ಐಸ್‌ಕ್ರೀಮ್ ಬಕೆಟ್ಟಿನಲ್ಲಿ ಕ್ಷಮಾಪಣೆ

ಈ ವರ್ಷದ ಲೆಂಟ್ ವ್ರತಕ್ಕೆ ನಾನು ಕಸವನ್ನೇ ಬಿಟ್ಟುಬಿಡುತ್ತೇನೆ ಎಂದು ಘೋಷಿಸಿದೆ.

ಈಸ್ಟರ್ ಹಬ್ಬಕ್ಕೆ ಮುಂಚಿನ ಈ ವಾರಗಳಲ್ಲಿ ಅಮೆರಿಕದ ಉತ್ತರ ಅಂಚಿನ ನಮ್ಮ ಡುಲೂತ್ ಊರಿನ ಚರ್ಚಿನವರೆಲ್ಲ ಏನಾದರೊಂದನ್ನು ಬಿಡುತ್ತಾರೆ. ಒಬ್ಬರು ಚಾಕೊಲೇಟು ಬಿಡುತ್ತಾರೆ, ಒಬ್ಬರು ಬಿಯರು ಬಿಡುತ್ತಾರೆ. ನನ್ನ ಗಂಡ ಲೈಲ್ ಪ್ರತಿವರ್ಷವೂ ತಪ್ಪದೆ ವ್ಯಾಯಾಮ ಬಿಡುತ್ತಾನೆ. ಇಂಥ ಚಿಲ್ಲರೆ ತ್ಯಾಗಗಳು ನನ್ನ ಘನತೆಗೆ ಸಾಲಲಿಲ್ಲ. ವ್ರತದ ಮೊದಲ ದಿನ ಪಾಸ್ಟರ್ ಹಣೆಗೆ ಹಚ್ಚಿದ ಬೂದಿ ಇನ್ನೂ ಅಳಿಸುವ ಮೊದಲೇ, ಹತ್ತು ತಿಂಗಳ ಮಗಳು ಮಾರಿಟ್‌ಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಡೈರಿಯಲ್ಲಿ ದಪ್ಪಕ್ಷರದಲ್ಲಿ ಬರೆದೆ: "ಇಂದಿನಿಂದ ಈ ಮನೆ ಭೂಮಿಗೆ ಭಾರವಾಗದು. ನನ್ನ ಮಗಳು ದೊಡ್ಡವಳಾಗಿ, ಅಮ್ಮಾ, ಆಗ ನೀನೇನು ಮಾಡುತ್ತಿದ್ದೆ ಎಂದು ಕೇಳಿದರೆ ನಾನು ತಲೆ ತಗ್ಗಿಸುವಂತಾಗಬಾರದು."

ತಲೆ ತಗ್ಗಿಸುವ ಯೋಗ ಅವಳು ದೊಡ್ಡವಳಾಗುವ ತನಕ ಕಾಯಲಿಲ್ಲ. ಅವಳಿಗೆ ಇನ್ನೊಂದು ಹಲ್ಲು ಬರುವಷ್ಟರಲ್ಲೇ ಬಂದುಬಿಟ್ಟಿತು.

ಮೊದಲ ವಾರ ಮಗುವಿಗೆ ಬಟ್ಟೆಯ ಲಂಗೋಟಿ ಶುರುವಾಯಿತು. ಒಗೆದು ಹೊರಗೆ ಹಗ್ಗದ ಮೇಲೆ ಹರವಿದೆ. ಮಾರ್ಚ್ ತಿಂಗಳ ಗಾಳಿಗೆ ಅವು ಹಪ್ಪಳದ ಹಾಗೆ ಸೆಟೆದು ನಿಂತವು. ಊರಿನ ಹಿಮ ಗುಡಿಸುವ ಲಾರಿ ಓಡಿಸುವ ಲೈಲ್ ಕೆಲಸದಿಂದ ಬಂದವನು ಒಂದನ್ನು ತೆಗೆದುಕೊಂಡು ಕಾರಿನ ಗಾಜಿನ ಮೇಲಿನ ಮಂಜು ಕೆರೆದ.

"ಇದು ಒಳ್ಳೇ ವಸ್ತು ಕಣೇ. ಇನ್ನೆರಡು ಕೊಡು, ಲಾರಿಗೂ ಬೇಕು."

"ನಗು, ನಗು. ನಿನ್ನ ಮೊಮ್ಮಕ್ಕಳು ಉಸಿರಾಡುವಾಗ ಅಜ್ಜಿಯ ಹೆಸರು ಹೇಳ್ತಾರೆ."

"ಅಜ್ಜ ಮನೇಲಿ ಕಾಗದದ ಟವೆಲ್ ಇಲ್ಲದೆ ಕೈ ಒರಸ್ಕೊಂಡಿದ್ದು ಪ್ಯಾಂಟಿಗೆ ಅಂತಲೂ ಹೇಳ್ತಾರೆ."

ಎರಡನೆಯ ಹೆಜ್ಜೆ ಅಡಿಗೆಮನೆಯ ಸಿಪ್ಪೆ. ಹಿತ್ತಲಿನ ಗೊಬ್ಬರದ ಗುಂಡಿ ಹಿಮದಡಿ ಕಲ್ಲಾಗಿರುವ ಕಾಲ. ಹಾಗಾಗಿ ಸಿಪ್ಪೆಯನ್ನೆಲ್ಲ ಒಂದು ಐಸ್‌ಕ್ರೀಮ್ ಬಕೆಟ್ಟಿನಲ್ಲಿ ತುಂಬಿ, ಹಿಂಬಾಗಿಲ ಬಳಿಯ ದೊಡ್ಡ ಫ್ರೀಜರಿನಲ್ಲಿಟ್ಟು, ತುಂಬಿದ ಮೇಲೆ ಲೈಲ್ ಅದನ್ನು ಊರಾಚೆಯ ಗೊಬ್ಬರದ ತೊಟ್ಟಿಗೆ ಸುರಿದು ಬರುವುದೆಂದು ಏರ್ಪಾಡಾಯಿತು. ನಮ್ಮ ಕಡೆ ಐಸ್‌ಕ್ರೀಮ್ ಬಕೆಟ್ಟಿಗೆ ಸಾವೆಂಬುದಿಲ್ಲ. ಐಸ್‌ಕ್ರೀಮ್ ಮುಗಿಯುವುದೇ ಅದರ ಬಾಳಿನ ಆರಂಭ. ಆಮೇಲೆ ಅದು ಬೆರ್ರಿ ಹಣ್ಣು ತುಂಬುತ್ತದೆ, ಮೊಳೆ ತುಂಬುತ್ತದೆ, ಸೂಪು ತುಂಬುತ್ತದೆ, ನೆರೆಮನೆಗೆ ಹೋಗುತ್ತದೆ, ತೊಳೆಸಿಕೊಂಡು ವಾಪಸು ಬರುತ್ತದೆ. ಬಿಳಿ ಮೈ, ಬಿಳಿ ಮುಚ್ಚಳ. ಒಳಗೇನಿದೆ ಎಂದು ಹೊರಗಿನಿಂದ ಬ್ರಹ್ಮನಿಗೂ ತಿಳಿಯದು.

ಲೈಲ್ ಅದಕ್ಕೊಂದು ಟೇಪು ಅಂಟಿಸಿ ಮೇಲೆ "ಸಿಪ್ಪೆ" ಎಂದು ಬರೆದಿದ್ದ. ನಾನು ಕಿತ್ತುಹಾಕಿದೆ.

"ಯಾಕೆ ಕಿತ್ತೆ?"

"ಟೇಪಿನ ಅಂಟು ಮಣ್ಣಲ್ಲಿ ಕರಗಲ್ಲ ಕಣೋ. ಕಸ ಅಂತ ಬರೆಯೋಕೆ ಮತ್ತಷ್ಟು ಕಸ ಮಾಡ್ತೀಯಲ್ಲ."

"ಮತ್ತೆ ಯಾವುದು ಯಾವುದು ಅಂತ ಗೊತ್ತಾಗಬೇಕಲ್ಲ?"

"ಎಚ್ಚರದಿಂದ ಬಾಳೋರಿಗೆ ಗೊತ್ತಾಗುತ್ತೆ."

"ಸರಿ ಹಾಗಾದ್ರೆ," ಎಂದ ಲೈಲ್. ಅವನು ಸೋತಾಗಲೂ ಗೆದ್ದಾಗಲೂ ಇದನ್ನೇ ಅನ್ನುತ್ತಾನೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ನಮ್ಮ ಹಿತ್ತಲಲ್ಲೇ ಮುಗಿಯುತ್ತಿತ್ತು. ಆದರೆ ಒಳ್ಳೆಯವಳಾಗುವುದರಲ್ಲಿ ಒಂದು ತೊಂದರೆಯಿದೆ: ಯಾರಾದರೂ ನೋಡಬೇಕು ಅನ್ನಿಸತೊಡಗುತ್ತದೆ. ಭಾನುವಾರ ಪ್ರಾರ್ಥನೆ ಮುಗಿದ ಮೇಲಿನ ಕಾಫಿಯ ಹೊತ್ತಿನಲ್ಲಿ ಸಿಕ್ಕವರನ್ನೆಲ್ಲ ಹಿಡಿದು ನಿಲ್ಲಿಸಿ ಉಪದೇಶ ಮಾಡಿದೆ. "ತರಕಾರಿ ಸಿಪ್ಪೆಯಲ್ಲಿ ಎಷ್ಟು ಸತ್ವ ಇದೆ ಗೊತ್ತಾ? ಬಿಸಾಡೋದಲ್ಲ, ಕುದಿಸಿ ಸಾರು ಮಾಡಿ ಕುಡೀಬೇಕು." ನಾನು ಎಂದೂ ಕುದಿಸಿರಲಿಲ್ಲ, ಕುಡಿದಿರಲೂ ಇಲ್ಲ. ಪುರಾಣ ಇರುವುದು ಹೇಳುವುದಕ್ಕೆ, ಬದನೆಕಾಯಿ ಇರುವುದು ತಿನ್ನುವುದಕ್ಕೆ.

ಈಗ ಆರ್ಲಿಸ್ ಟಾಲೆಫ್‌ಸನ್ ಅವರ ವಿಷಯ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಆರ್ಲಿಸ್ ನಮ್ಮ ಪಕ್ಕದ ಮನೆಯವರು. ಎಪ್ಪತ್ತು ದಾಟಿದೆ. ನಾನು ವಾರದಲ್ಲಿ ಎರಡು ದಿನ, ಮಂಗಳವಾರ ಮತ್ತು ಗುರುವಾರ, ಹಲ್ಲಿನ ಡಾಕ್ಟರರ ಬಳಿ ಕೆಲಸಕ್ಕೆ ಹೋಗುವಾಗ ಮಾರಿಟ್‌ಳನ್ನು ನೋಡಿಕೊಳ್ಳುವವರು ಅವರೇ. ನೋಡಿಕೊಳ್ಳುವುದು ಅನ್ನುವುದು ಸಣ್ಣ ಮಾತು. ನನ್ನ ಮಗಳು ಮೊದಲು ಕೈಚಾಚಿದ್ದು ಅವರಿಗೆ, ಮೊದಲು ತೆವಳಿದ್ದು ಅವರ ಅಡಿಗೆಮನೆಯ ನೆಲದ ಮೇಲೆ. ಬೇಲಿಯಾಚೆ ಅವರ ಕೆಮ್ಮು ಕೇಳಿದರೂ ಸಾಕು, ನನ್ನ ತೋಳಿನಿಂದ ಜಾರಿ ಆ ಕಡೆಗೆ ವಾಲುತ್ತಾಳೆ. ನನ್ನ ತಾಯಿ ಇರುವುದು ದೂರದ ಆರಿಜೋನದಲ್ಲಿ. ಆ ಮಗುವಿಗೆ ಅಜ್ಜಿ ಎಂದರೆ ಆರ್ಲಿಸ್.

ಇಂಥ ಆರ್ಲಿಸ್‌ಗೆ ನಾನು ಊರ ಮುಂದೆ ಬುದ್ಧಿ ಹೇಳಿದೆ.

ಲೆಂಟ್ ಕಾಲದಲ್ಲಿ ಪ್ರತಿ ಬುಧವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಸೇರಿ ಸೂಪು ಕುಡಿಯುತ್ತೇವೆ. ಅಲ್ಲಿಯ ಅಡಿಗೆಮನೆ ಆರ್ಲಿಸ್ ಅವರದು. ನಾನು ಹುಟ್ಟುವ ಮೊದಲಿನಿಂದಲೂ ಅವರದೇ. ಆ ಬುಧವಾರ ಅವರು ಥರ್ಮೋಕೋಲ್ ಬಟ್ಟಲುಗಳ ಕಟ್ಟು ಬಿಚ್ಚಿ ಮೇಜಿನ ಮೇಲಿಟ್ಟದ್ದೇ ತಡ, ನನ್ನೊಳಗಿನ ಭೂಮಿತಾಯಿ ಎದ್ದುನಿಂತಳು.

"ಆರ್ಲಿಸ್, ಈ ಬಟ್ಟಲು ನಮ್ಮ ಮಾರಿಟ್‌ಳ ಮರಿಮಕ್ಕಳ ಕಾಲಕ್ಕೂ ಮಣ್ಣಾಗಲ್ಲ. ದೇವರ ಮನೇಲಿ ನಿಂತು ದೇವರ ಸೃಷ್ಟಿಗೆ ಹೀಗೆ ಮಾಡೋದಾ? ಅಲ್ಲಿ ಕಪಾಟಿನಲ್ಲಿ ಪಿಂಗಾಣಿ ಬಟ್ಟಲು ರಾಶಿ ಬಿದ್ದಿದೆಯಲ್ಲ?"

ಸೂಪಿನ ಸಾಲಿನಲ್ಲಿದ್ದವರೆಲ್ಲ ನಮ್ಮತ್ತ ತಿರುಗಿದರು. ಆರ್ಲಿಸ್ ಕೈಯಲ್ಲಿದ್ದ ಬಟ್ಟಲನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

"ಹೂಂ," ಅಂದರು. "ಅದು ಬೇರೆ ಥರ ಇದೆ."

ನಮ್ಮ ಕಡೆಯವರು ಬಯ್ಯುವುದಿಲ್ಲ. ಬೇರೆ ಊರಿನವರು ಸುಡುಗಾಡಿಗೆ ಹೋಗು ಎನ್ನುವ ಜಾಗದಲ್ಲಿ ನಮ್ಮವರು "ಅದು ಬೇರೆ ಥರ ಇದೆ" ಅನ್ನುತ್ತಾರೆ. ಅದಕ್ಕಿಂತ ದೊಡ್ಡ ಬೈಗುಳ ನಮ್ಮಲ್ಲಿಲ್ಲ. ನನಗೆ ಅದು ಕೇಳಿಸಲಿಲ್ಲ. ಪಾಸ್ಟರ್ ಜಾನೆಲ್ "ಬ್ರಿಟ್ಟಾ ಹೇಳೋದರಲ್ಲೂ ಅರ್ಥ ಇದೆ" ಎಂದು ಕಪಾಟು ತೆಗೆಸಿದರು. ಭಾರಿ ಪಿಂಗಾಣಿ ಬಟ್ಟಲುಗಳು ಹೊರಬಂದವು. ನಾನು ಗೆದ್ದ ಸೇನಾಪತಿಯ ಹಾಗೆ ಸೂಪು ಕುಡಿದೆ. ಅಷ್ಟರಲ್ಲಿ ಮಾರಿಟ್ ನಿದ್ದೆಗೆ ರಂಪ ತೆಗೆದಳು. ನಾನು ಅವಳನ್ನೆತ್ತಿಕೊಂಡು ಮನೆಗೆ ಬಂದೆ.

ಆ ಬಟ್ಟಲುಗಳನ್ನು ಯಾರಾದರೂ ತೊಳೆಯಬೇಕು ಎಂಬ ವಿಚಾರ ನನ್ನ ಹಸಿರು ತಲೆಗೆ ಹೊಳೆಯಲೇ ಇಲ್ಲ.

ಗುರುವಾರ ಬೆಳಿಗ್ಗೆ ಮಗುವನ್ನು ಬಿಡಲು ಹೋದಾಗ ಬಾಗಿಲು ತೆಗೆದದ್ದು ಆರ್ಲಿಸ್ ಗಂಡ ಡೆಲ್ಮರ್. ಅದಿರು ಸಾಗಿಸುವ ಹಡಗಿನಲ್ಲಿ ದುಡಿದು ನಿವೃತ್ತರಾದ ಮನುಷ್ಯ. ಮಾತು ಕಡಿಮೆ.

"ಆರ್ಲಿಸ್‌ದು ಬಲಗೈ ಮಣಿಕಟ್ಟು ಊದ್ಕೊಂಡಿದೆ. ನಿನ್ನೆ ಬಟ್ಟಲು ತೊಳೆದು ಎತ್ತಿಡೋವಾಗ ಉಳುಕ್ತು. ಮಗೂನ ಎತ್ತೋಕಾಗಲ್ಲ."

"ಅಯ್ಯೋ. ಎಲ್ಲಾ ಬಟ್ಟಲೂ ಅವರೊಬ್ಬರೇ...?"

"ನಾನು ಒರೆಸಿದೆ."

"ಯಾವಾಗ ಸರಿಹೋಗುತ್ತಂತೆ?"

"ನೋಡೋಣ," ಎಂದರು ಡೆಲ್ಮರ್. ಬಾಗಿಲು ಮೆಲ್ಲಗೆ ಮುಚ್ಚಿತು. ಒಳಗಿನಿಂದ ಆರ್ಲಿಸ್ ದನಿ ಕೇಳಿತು ಅನ್ನಿಸಿ ಮಾರಿಟ್ ಆ ಮುಚ್ಚಿದ ಬಾಗಿಲಿಗೆ ಎರಡೂ ಕೈ ಚಾಚಿ ಅತ್ತಳು.

ನಮ್ಮ ಕಡೆ "ನೋಡೋಣ" ಅಂದರೂ "ಇಲ್ಲ" ಅಂತಲೇ. ನೋವು ಕೈಯದೋ, ನನ್ನ ಮಾತಿನದೋ? ಕೈಯಾದರೆ ಒಂದು ದಿನ ವಾಸಿಯಾಗುತ್ತದೆ. ಮಾತಿನ ಉಳುಕಿಗೆ ಪಟ್ಟಿ ಕಟ್ಟುವುದು ಎಲ್ಲಿಗೆ?

ಆ ದಿನ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲಿ ಕೂತೆ. ಕೂತು ಯೋಚಿಸಿದಷ್ಟೂ ಕಿವಿ ಬಿಸಿಯಾಯಿತು. ಉಪದೇಶ ನನ್ನದು, ಪಾತ್ರೆ ಅವರದು. ಊರಿಗೆ ಉಪಕಾರಿ, ನೆರೆಮನೆಗೆ ಮಾರಿ.

ತಪ್ಪಾಯಿತು ಎಂದು ಎದುರು ನಿಂತು ಹೇಳುವುದು ನಮ್ಮವರಿಗೆ ಬಾರದ ವಿದ್ಯೆ. ನಾವು ಅದನ್ನು ಬೇಯಿಸಿ ಕೊಡುತ್ತೇವೆ. ಹುಟ್ಟು, ಸಾವು, ಕಾಯಿಲೆ, ಜಗಳ, ಎಲ್ಲಕ್ಕೂ ಬಕೆಟ್ಟಿನಲ್ಲಿ ಉತ್ತರ. ಭಾನುವಾರ ಇಡೀ ಮಧ್ಯಾಹ್ನ ಒಲೆಯ ಮುಂದೆ ನಿಂತು ನಮ್ಮ ಕೆರೆಗಳಲ್ಲಿ ತಾನಾಗಿ ಬೆಳೆಯುವ ಕಪ್ಪು ಕಾಡಕ್ಕಿ, ಕೋಳಿ, ಕೆನೆ, ಅಣಬೆ ಹಾಕಿ ಸೂಪು ಮಾಡಿದೆ. ಅಂಥ ಸೂಪು ಹಿಂದೆ ಮಾಡಿರಲಿಲ್ಲ. ಲೈಲ್ ಸೌಟು ಹಿಡಿದು ಹತ್ತಿರ ಬಂದಾಗ ಕೈಮೇಲೆ ಹೊಡೆದೆ.

"ಇದು ಆರ್ಲಿಸ್‌ಗೆ. ನಿನಗೆ ರೊಟ್ಟಿ ಇದೆ."

"ಜಗಳ ಆಡಿದ್ದು ನೀನು, ರೊಟ್ಟಿ ತಿನ್ನೋದು ನಾನಾ?"

ಸೂಪನ್ನು ಐಸ್‌ಕ್ರೀಮ್ ಬಕೆಟ್ಟಿಗೆ ತುಂಬಿ ಫ್ರೀಜರಿನಲ್ಲಿಟ್ಟೆ. ಅಕ್ಕಪಕ್ಕ ಎರಡು ಬಿಳಿ ಬಕೆಟ್ಟುಗಳು ಅವಳಿಜವಳಿಯ ಹಾಗೆ ಕುಳಿತವು.

ಮಂಗಳವಾರ ಲೈಲ್‌ಗೆ ರಜೆ, ಮಗು ಅವನ ಪಾಲಿಗೆ. ನಾನು ಕೆಲಸಕ್ಕೆ ಹೊರಡುವ ಅವಸರದಲ್ಲಿ ಬಕೆಟ್ ತೆಗೆದುಕೊಂಡು ಹೋಗಿ ಟಾಲೆಫ್‌ಸನ್ ಮನೆಯ ಹಿಂಬಾಗಿಲ ಮೆಟ್ಟಿಲ ಮೇಲಿಟ್ಟೆ. ಕಾಯಿಲೆಯವರ ಬಾಗಿಲು ಬಡಿದು ತೊಂದರೆ ಕೊಡಬಾರದು, ಇಟ್ಟು ಬರಬೇಕು, ಅದು ನಮ್ಮ ರೂಢಿ. ಹಳೆಯ ಲಕೋಟೆಯ ಹಿಂಬದಿಯಲ್ಲಿ, ಹೊಸ ಕಾಗದ ಹಾಳುಮಾಡದೆ, ನಾಲ್ಕು ಸಾಲು ಬರೆದು ಬಕೆಟ್ಟಿನ ಹಿಡಿಕೆಗೆ ಸಿಕ್ಕಿಸಿದ್ದೆ:

"ಪ್ರಿಯ ಆರ್ಲಿಸ್, ಬುಧವಾರದ ವಿಷಯ ಬಾಯಲ್ಲಿ ಹೇಳಲಾರದೆ ಇದರಲ್ಲಿ ಹೇಳಿದ್ದೇನೆ. ನನ್ನ ಮನಸ್ಸನ್ನೆಲ್ಲ ಇದರಲ್ಲಿ ಹಾಕಿದ್ದೇನೆ. ಚೆನ್ನಾಗಿ ಕುದಿಸಿ ಪೂರ್ತಿ ಮುಗಿಸಬೇಕು, ಒಂದು ಚೂರೂ ಚೆಲ್ಲಬಾರದು. ನಿಮ್ಮ ಬ್ರಿಟ್ಟಾ."

ದಿನವಿಡೀ ರೋಗಿಗಳ ಹೆಸರು ಕೂಗುವಾಗಲೂ ನನ್ನ ಮುಖದಲ್ಲಿ ಮಂದಹಾಸ.

ಸಂಜೆ ಮನೆಗೆ ಬಂದಾಗ ಲೈಲ್ ಮಗುವಿಗೆ ಗಂಜಿ ತಿನ್ನಿಸುತ್ತಿದ್ದ.

"ಸಿಪ್ಪೆ ಸುರಿದು ಬಂದೆ," ಎಂದ. "ಮಾರಿಟ್‌ನೂ ಕರ್ಕೊಂಡು ಹೋಗಿದ್ದೆ."

"ಜಾಣ ನನ್ನ ಗಂಡ."

"ಅದೇನೋ, ಇಡೀ ಇಟ್ಟಿಗೆ ಥರ ಧೊಪ್ ಅಂತ ಬಿತ್ತು. ನಾವು ಯಾವಾಗ ಇಷ್ಟೊಂದು ಕೋಳಿ ಬಿಸಾಡಿದ್ವಿ?"

ನಾನು ಕೋಟಿನ ಒಂದು ತೋಳು ಬಿಚ್ಚಿದ್ದೆ. ಇನ್ನೊಂದು ಅಲ್ಲೇ ನಿಂತಿತು.

"ಕೋಳಿ?"

"ಕೋಳಿ. ಅಣಬೆ. ಕಾಡಕ್ಕಿ." ಲೈಲ್ ಚಮಚೆಯನ್ನು ಗಾಳಿಯಲ್ಲೇ ನಿಲ್ಲಿಸಿದ. ನನ್ನ ಮುಖ ನೋಡಿದ. "ಓ," ಎಂದ. ಸ್ವಲ್ಪ ಹೊತ್ತಾದ ಮೇಲೆ, "ಎಚ್ಚರದಿಂದ ಬಾಳೋರಿಗೆ ಗೊತ್ತಾಗುತ್ತೆ ಅಂದಿದ್ಯಲ್ಲ?"

ಆ ಬಕೆಟ್ಟಿನಲ್ಲಿ ಏನಿತ್ತೆಂದು ಒಂದೊಂದಾಗಿ ನೆನಪಾಯಿತು. ಈರುಳ್ಳಿ ಸಿಪ್ಪೆ. ಕ್ಯಾರೆಟ್ಟಿನ ತಲೆ. ಬಾಳೆಹಣ್ಣಿನ ಸಿಪ್ಪೆ. ಮೊಟ್ಟೆ ಚಿಪ್ಪು. ಎರಡು ವಾರದ ಕಾಫಿ ಚರಟ. ಮಾರಿಟ್ ಜಗಿದು ಉಗಿದ ಬಟಾಣಿ. ಊರ ಮುಂದೆ ನಾನು ಅವಮಾನ ಮಾಡಿದ ಹೆಂಗಸಿಗೆ, ನನ್ನ ದೆಸೆಯಿಂದ ಕೈ ಉಳುಕಿಸಿಕೊಂಡವರಿಗೆ, ನಾನು ಒಂದು ಬಕೆಟ್ ಕಸ ಕಳಿಸಿ "ನನ್ನ ಮನಸ್ಸನ್ನೆಲ್ಲ ಇದರಲ್ಲಿ ಹಾಕಿದ್ದೇನೆ" ಎಂದು ಬರೆದಿದ್ದೆ. ಒಂದು ಚೂರೂ ಚೆಲ್ಲಬಾರದು ಎಂದೂ ಬರೆದಿದ್ದೆ.

ಓಡಿದೆ. ಇನ್ನೂ ಮೆಟ್ಟಿಲ ಮೇಲೇ ಇರಬಹುದು, ಯಾರೂ ನೋಡಿರಲಿಕ್ಕಿಲ್ಲ, ದೇವರು ದೊಡ್ಡವನು. ಮೆಟ್ಟಿಲ ಮೇಲೆ ಬಕೆಟ್ಟಿನ ಗುಂಡನೆಯ ಗುರುತಿತ್ತು, ಬಕೆಟ್ ಇರಲಿಲ್ಲ. ಒಳಗೆ ತಿಂದಿದ್ದಾರೋ ಇಲ್ಲವೋ ನೋಡೋಣವೆಂದು ಅಡಿಗೆಮನೆಯ ಕಿಟಕಿಯ ಕೆಳಗಿನ ಹಿಮದ ದಿಬ್ಬ ಹತ್ತಿದೆ. ಮೇಲಿನ ಪದರ ಒಂದು ಕ್ಷಣ ನನ್ನನ್ನು ಹೊತ್ತು ಯೋಚಿಸಿತು. ಆಮೇಲೆ ತೊಡೆಯವರೆಗೆ ನುಂಗಿತು. ಎಳೆದುಕೊಂಡಾಗ ಕಾಲು ಬಂತು, ಬೂಟು ಬರಲಿಲ್ಲ.

ಕಿಟಕಿ ತೆರೆಯಿತು. ಡೆಲ್ಮರ್.

"ಬ್ರಿಟ್ಟಾ. ನಮಗೆ ಮುಂಬಾಗಿಲೂ ಇದೆ."

"ಬೂಟು ಹುಡುಕ್ತಿದ್ದೆ," ಎಂದೆ. ಅಷ್ಟರ ಮಟ್ಟಿಗೆ ಅದು ಸತ್ಯ.

"ಹೂಂ. ಒಳಗೆ ಬಾ, ಕಾಫಿ ಇದೆ."

"ಬೇಡ, ಬೇಡ, ಹೊರಟೆ."

"ಸ್ವಲ್ಪ ಕುಡಿದು ಹೋಗು."

"ಅಯ್ಯೋ ಬೇಡ."

"ಒಂದು ಕಪ್ಪು."

ಎರಡು ಸಲ ಬೇಡವೆಂದು ಮೂರನೆಯ ಸಲಕ್ಕೆ ಒಪ್ಪಬೇಕು, ಅದೇ ಮರ್ಯಾದೆ. ಒಂದು ಕಾಲಿನಲ್ಲಿ ಬೂಟು, ಇನ್ನೊಂದರಲ್ಲಿ ಒದ್ದೆ ಕಾಲುಚೀಲ, ಈ ವೇಷದಲ್ಲಿ ನಾನು ಒಳಹೊಕ್ಕೆ.

ಆರ್ಲಿಸ್ ಬಲಗೈಯನ್ನು ಬಟ್ಟೆಯ ಜೋಳಿಗೆಯಲ್ಲಿ ತೂಗುಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಒಲೆಯ ಮೇಲೊಂದು ಪಾತ್ರೆ. ಮೇಜಿನ ಮೇಲೆ ಎರಡು ಖಾಲಿ ಬಟ್ಟಲು. ಪಿಂಗಾಣಿಯವು.

"ಬಾ ಹುಡುಗಿ," ಎಂದರು ಆರ್ಲಿಸ್. "ಸೂಪು ಬಂತು."

"ಆರ್ಲಿಸ್, ಆ ಸೂಪು..."

"ಮಧ್ಯಾಹ್ನ ಊಟಕ್ಕೆ ಕುಡಿದ್ವಿ."

"ಬಣ್ಣ ಕಪ್ಪಿತ್ತು," ಎಂದರು ಡೆಲ್ಮರ್.

"ನೀನು ಸುಮ್ನಿರು. ಸತ್ವ ಇತ್ತು."

"ಚಿಪ್ಪೂ ಇತ್ತು. ನಾನು ಬಟ್ಟೇಲಿ ಸೋಸಿದೆ."

ನಾನು ಬಾಯಿ ತೆರೆದೆ. ಆರ್ಲಿಸ್ ಎಡಗೈ ಎತ್ತಿ ನನ್ನನ್ನು ತಡೆದರು. ಅವರು ಏನನ್ನೋ ಹೇಳಲು ದಿನವೆಲ್ಲ ಸಿದ್ಧವಾಗಿದ್ದರೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

"ನೋಡು ಬ್ರಿಟ್ಟಾ. ಮುಚ್ಚಳ ತೆಗೆದಾಗ ಮೊದಲು ನನಗೆ ಸಿಟ್ಟು ಬಂತು, ಸುಳ್ಳು ಹೇಳಲ್ಲ. ಇದೇನು ಈ ಹುಡುಗಿ ನನಗೆ ಸಿಪ್ಪೆ ಕಳಿಸಿದ್ದಾಳೆ ಅಂತ. ಆಮೇಲೆ ನಿನ್ನ ಚೀಟಿ ಓದಿದೆ. ನೀನು ಕಾಫಿ ಹೊತ್ತಲ್ಲಿ ಹೇಳ್ತಿದ್ದೆಯಲ್ಲ, ಸಿಪ್ಪೆ ಸಾರು, ಅದು ನೆನಪಾಯ್ತು. ಸರಿ, ಇವಳು ನನಗೆ ಕಲಿಸೋಕೆ ಇಷ್ಟು ಕಷ್ಟಪಟ್ಟಿದ್ದಾಳೆ, ನಾನು ಚರ್ಚಲ್ಲಿ ಎಲ್ಲರ ಮುಂದೆ ಅವಳಿಗೆ ಹಾಗೆ ಅಂದೆ. ಬೇರೆ ಥರ ಇದೆ ಅಂದೆ. ಎಳೇ ಹುಡುಗಿಗೆ ಹಾಗನ್ನಬಾರದಿತ್ತು. ನನಗೂ ಒಂದು ಪ್ರಾಯಶ್ಚಿತ್ತ ಬೇಕಿತ್ತು ಅಂದ್ಕೊಂಡೆ. ಎರಡು ಬಟ್ಟಲು ಕುಡಿದೆ."

"ನಾನು ಒಂದೇ," ಎಂದರು ಡೆಲ್ಮರ್. "ನನಗೆ ಅಷ್ಟು ಪಾಪ ಇರಲಿಲ್ಲ."

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವರು ಅವರು. ಅದೂ ನನಗೆ ನೋವಾಗದಿರಲಿ ಎಂದು ಎರಡು ಬಟ್ಟಲು. ಹೇಳಿಬಿಡು, ಈಗಲೇ ಹೇಳಿಬಿಡು ಎಂದು ಒಳಗಿನಿಂದ ಯಾರೋ ತಿವಿಯುತ್ತಿದ್ದರು.

"ಗುರುವಾರ ಮಗೂನ ಕರ್ಕೊಂಡು ಬಾ," ಎಂದರು ಆರ್ಲಿಸ್. "ಎತ್ತೋದು ಡೆಲ್ಮರ್ ಎತ್ತಲಿ. ನನಗೆ ಅವಳನ್ನ ನೋಡದೆ ಮನೆ ಬಿಕೋ ಅನ್ನುತ್ತೆ."

ಅಷ್ಟೇ. ನನ್ನ ಬಾಯಿ ಮುಚ್ಚಿಹೋಯಿತು. ಕ್ಷಮೆ ಸಿಕ್ಕಿತ್ತು, ಅಜ್ಜಿ ಸಿಕ್ಕಿದ್ದರು. ಎಲ್ಲವೂ ಸುಳ್ಳಿನ ಸೂಪಿನ ಮೇಲೆ ತೇಲುತ್ತಿತ್ತು. ಸತ್ಯ ಹೇಳಿದರೆ ಮುಳುಗುತ್ತಿತ್ತು. ನಾನು ಕಾಫಿ ಕುಡಿದು, ತೊಳೆದ ಬಕೆಟ್ ತೆಗೆದುಕೊಂಡು ಎದ್ದೆ.

ನನ್ನ ಜೊತೆ ಹೊರಗೆ ಬಂದ ಡೆಲ್ಮರ್ ನನ್ನ ಬೂಟನ್ನು ಹಿಮದಿಂದ ಕಿತ್ತುಕೊಡುತ್ತ, "ಉಳಿದದ್ದನ್ನ ಒಂದು ಜಾಡೀಲಿ ಹಾಕಿ ಪಾಸ್ಟರ್‌ಗೆ ಕೊಟ್ಟುಬಂದೆ," ಎಂದರು. "ಅವರಿಗೆ ನೆಗಡಿ. ನೀನು ಮಾಡಿದ್ದು ಅಂತ ಹೇಳಿದೆ."

ಮನೆಗೆ ಬಂದು ಬಾಗಿಲಿಗೆ ಒರಗಿ ನಿಂತೆ.

"ಹೇಳಿದ್ಯಾ?" ಎಂದ ಲೈಲ್.

"ಇಲ್ಲ."

"ಕುಡಿದ್ರಾ?"

"ಎರಡು ಬಟ್ಟಲು. ಪಾಸ್ಟರೂ ಕುಡೀತಿದ್ದಾರೆ."

ಲೈಲ್ ಬಹಳ ಹೊತ್ತು ನಗಲಿಲ್ಲ. ಅದಕ್ಕೆ ಅವನಿಗೆಷ್ಟು ಕಷ್ಟವಾಯಿತೆಂದು ಅವನ ಕಿವಿ ನೋಡಿದರೆ ತಿಳಿಯುತ್ತಿತ್ತು. ಕೊನೆಗೆ ಹೇಳಿದ: "ಹೇಳದೆ ಇದ್ರೆ ಅವರು ಮರ್ಯಾದೆಗೆ ಇನ್ನೊಂದು ಸಲ ಕೇಳ್ತಾರೆ ಕಣೇ. ಆಗ ಏನು ಮಾಡ್ತೀಯ? ಇನ್ನೊಂದು ಬಕೆಟ್ ತುಂಬಿಸೋಕೆ ನಾವು ಎಷ್ಟು ಬಾಳೆಹಣ್ಣು ತಿನ್ನಬೇಕು?"

ಬುಧವಾರ ಸಂಜೆ. ನೆಲಮಾಳಿಗೆಯಲ್ಲಿ ಪಿಂಗಾಣಿ ಬಟ್ಟಲುಗಳ ಮುಂದೆ ಎಲ್ಲರೂ ಕೂತಿದ್ದರು. ಆರ್ಲಿಸ್ ಮೊದಲ ಸಾಲಿನಲ್ಲಿ, ಜೋಳಿಗೆಯ ಕೈ ಮಡಿಲಲ್ಲಿ. ಪಾಸ್ಟರ್ ಜಾನೆಲ್ ಊಟದ ಮುಂಚಿನ ನಾಲ್ಕು ಮಾತಿಗೆ ಎದ್ದುನಿಂತರು. ಅವರ ಕಣ್ಣುಗಳು ನನ್ನನ್ನೇ ಹುಡುಕುತ್ತಿದ್ದವು. ನಾನು ಮಾರಿಟ್‌ಳ ಹಿಂದೆ ಅಡಗಲು ನೋಡಿದೆ. ಹತ್ತು ತಿಂಗಳ ಮಗುವಿನ ಹಿಂದೆ ಎಷ್ಟು ಅಡಗಲಾದೀತು?

"ಪಶ್ಚಾತ್ತಾಪದ ಬಗ್ಗೆ ನಾನು ಬಹಳ ವರ್ಷದಿಂದ ಮಾತಾಡ್ತಿದ್ದೀನಿ," ಎಂದರು ಪಾಸ್ಟರ್. "ಅದಕ್ಕೊಂದು ರುಚಿ ಇದೆ ಅಂತ ಈ ವಾರವೇ ಗೊತ್ತಾಗಿದ್ದು. ನಮ್ಮ ಬ್ರಿಟ್ಟಾ ಒಂದು ಸಾರು ಮಾಡಿದ್ದಾಳೆ. ನಾವೆಲ್ಲ ಬಿಸಾಡೋದರಿಂದ ಮಾಡಿದ್ದು. ನಾಲಿಗೆಗೆ ಸುಲಭ ಅಲ್ಲ. ನಾನು ಮಧ್ಯದಲ್ಲಿ ಎರಡು ಸಲ ನಿಲ್ಲಿಸಿ ಪ್ರಾರ್ಥನೆ ಮಾಡಿದೆ. ಆದರೆ ಬ್ರಿಟ್ಟಾ ಒಪ್ಪಿದರೆ, ಮುಂದಿನ ಬುಧವಾರ ಎಲ್ಲರಿಗೂ ಅದನ್ನೇ ಮಾಡಿಸೋಣ ಅಂತ ನನ್ನ ಆಸೆ."

ಕೋಣೆಯ ತುಂಬ ಜನ ನನ್ನತ್ತ ತಿರುಗಿ ಮುಗುಳ್ನಕ್ಕರು. ಆರ್ಲಿಸ್ ಎಲ್ಲರಿಗಿಂತ ಹೆಮ್ಮೆಯಿಂದ, ತಮ್ಮ ಮಗಳಿಗೆ ಬಹುಮಾನ ಬಂದವರ ಹಾಗೆ ನಕ್ಕರು. ಆ ನಗು ಇಲ್ಲದಿದ್ದರೆ ನಾನು ಇನ್ನೂ ಸುಮ್ಮನಿರುತ್ತಿದ್ದೆನೋ ಏನೋ.

ಎದ್ದುನಿಂತೆ.

"ಅದು ಸಾರಲ್ಲ," ಎಂದೆ. "ಕಸ. ನಿಜವಾದ ಕಸ. ಗೊಬ್ಬರಕ್ಕೆ ಅಂತ ಇಟ್ಟಿದ್ದು. ಸೂಪು ಬೇರೆ ಮಾಡಿದ್ದೆ, ಅದು ಗೊಬ್ಬರದ ತೊಟ್ಟಿಗೆ ಹೋಯ್ತು. ಬಕೆಟ್ ಅದಲುಬದಲಾಯ್ತು. ನಾನು ಸಿಪ್ಪೆ ಸಾರು ಯಾವತ್ತೂ ಮಾಡಿದವಳೂ ಅಲ್ಲ, ಕುಡಿದವಳೂ ಅಲ್ಲ. ಬರೀ ಹೇಳಿದ್ದು. ಬಟ್ಟಲು ತೆಗೆಸಿದ್ದೂ ನಾನೇ, ತೊಳೆಯದೆ ಮನೆಗೆ ಹೋದದ್ದೂ ನಾನೇ. ಆರ್ಲಿಸ್, ನಿನ್ನೆಯೇ ನಿಮಗೆ ಹೇಳಬೇಕಿತ್ತು. ನೀವು ಮಗೂನ ಕರ್ಕೊಂಡು ಬಾ ಅಂದ್ರಿ. ಆಮೇಲೆ ನನಗೆ ಹೇಳೋಕೆ ಬಾಯಿ ಬರಲಿಲ್ಲ."

ಪಾಸ್ಟರ್ ಜಾನೆಲ್ ಮೆಲ್ಲನೆ ಕುರ್ಚಿಯಲ್ಲಿ ಕೂತರು.

"ಅದರಲ್ಲಿ ಏನೇನಿತ್ತು?" ಎಂದು ಕೇಳಿದರು ಆರ್ಲಿಸ್.

"ಈರುಳ್ಳಿ ಸಿಪ್ಪೆ."

"ಅದು ಗೊತ್ತಾಯ್ತು."

"ಕಾಫಿ ಚರಟ. ಮೊಟ್ಟೆ ಚಿಪ್ಪು."

"ಅದು ಡೆಲ್ಮರ್‌ಗೆ ಗೊತ್ತಾಯ್ತು."

"ಮಾರಿಟ್ ಉಗಿದ ಬಟಾಣಿ."

ಆರ್ಲಿಸ್ ನನ್ನನ್ನು ನೋಡಿದರು. ಮಾರಿಟ್‌ಳನ್ನು ನೋಡಿದರು. ತಮ್ಮ ಗಂಡನನ್ನು ನೋಡಿದರು.

"ಹೂಂ," ಎಂದರು. "ಅದು ಬೇರೆ ಥರ ಇದೆ."

ಮುಗಿಯಿತು ಎಂದುಕೊಂಡೆ. ಆದರೆ ಅವರ ಜೋಳಿಗೆಯ ಕೈ ಕುಲುಕುತ್ತಿತ್ತು. ಮೊದಲು ಕೈ, ಆಮೇಲೆ ಭುಜ, ಆಮೇಲೆ ಇಡೀ ಆರ್ಲಿಸ್. ಕಣ್ಣಲ್ಲಿ ನೀರು ಬರುವ ತನಕ ಸದ್ದಿಲ್ಲದೆ ನಕ್ಕರು. ಡೆಲ್ಮರ್ ಎಲ್ಲರಿಗೂ ಕೇಳುವ ಹಾಗೆ, "ಹಾಗಾದ್ರೆ ಕೋಳಿ ಸೂಪು ಕುಡಿದದ್ದು ಯಾರು?" ಎಂದರು.

"ಊರಿನ ಎರೆಹುಳ," ಎಂದ ಲೈಲ್.

ಇಡೀ ನೆಲಮಾಳಿಗೆ ನಕ್ಕಿತು. ಪಾಸ್ಟರ್ ಮಾತ್ರ ಒಂದು ಲೋಟ ನೀರು ಕೇಳಿದರು.

ನಗು ನಿಂತ ಮೇಲೆ ಆರ್ಲಿಸ್ ಕಣ್ಣೊರೆಸಿಕೊಂಡು ಎಡಗೈಯಿಂದ ಅಡಿಗೆಮನೆಯ ಕಡೆ ತೋರಿಸಿದರು. "ಮಗೂನ ಇಲ್ಲಿ ಕೊಡು. ನೀನು ಅಲ್ಲಿಗೆ ಹೋಗು." ಅಲ್ಲಿ ಎಂದರೆ ಪಾತ್ರೆ ತೊಳೆಯುವ ತೊಟ್ಟಿ. ಆ ಸಂಜೆ ಪ್ರತಿಯೊಂದು ಪಿಂಗಾಣಿ ಬಟ್ಟಲನ್ನೂ ನಾನು ತೊಳೆದೆ. ಲೈಲ್ ಒರೆಸಿದ. ಬಟ್ಟೆಯಲ್ಲಿ, ಪ್ಯಾಂಟಿನಲ್ಲಲ್ಲ. ಭೂಮಿಯನ್ನು ಉಳಿಸುವುದೆಂದರೆ ಬಹುಪಾಲು ಪಾತ್ರೆ ತೊಳೆಯುವುದೇ ಎಂದು, ಸೊಂಟ ನೆಟ್ಟಗಾಗದಿದ್ದಾಗ, ನನಗೆ ತಿಳಿಯಿತು. ಇನ್ನು ಮುಂದೆ ಬುಧವಾರದ ಬಟ್ಟಲು ನನ್ನ ಪಾಲಿನದು. ಯಾರೂ ಹೇಳಲಿಲ್ಲ. ಆದರೂ ಹಾಗೆಂದು ಎಲ್ಲರಿಗೂ ಗೊತ್ತಿದೆ.

ಗುರುವಾರ ಮಾರಿಟ್‌ಳನ್ನು ಬಿಟ್ಟು ಕೆಲಸಕ್ಕೆ ಹೋದೆ. ಅವಳು ನನ್ನತ್ತ ತಿರುಗಿಯೂ ನೋಡಲಿಲ್ಲ. ನನ್ನ ಜೀವಕ್ಕೆ ಅಷ್ಟು ಸಮಾಧಾನ ಯಾವ ಮುತ್ತಿನಿಂದಲೂ ಸಿಕ್ಕಿರಲಿಲ್ಲ. ಸಂಜೆ ಡೆಲ್ಮರ್ ಅವಳಿಗೆ ಕೋಟು ತೊಡಿಸಿ ತಂದು ನನ್ನ ಕೈಗಿತ್ತರು. ಆರ್ಲಿಸ್ ಕುರ್ಚಿಯಿಂದಲೇ ಕೈ ಬೀಸಿ, "ಆ ಸಾರಿಗೆ ಉಪ್ಪು ಒಂಚೂರು ಕಮ್ಮಿಯಾಗಿತ್ತು ನೋಡು," ಎಂದರು.

ಮನೆಗೆ ಬಂದು ಮಗುವಿನ ಕೋಟು ಬಿಚ್ಚುತ್ತಿದ್ದ ಲೈಲ್ ಥಟ್ಟನೆ ನಿಂತ.

"ಇದೇನೇ ಇವಳ ಬೆನ್ನ ಮೇಲೆ?"

ಅಂಗಿಯ ಹಿಂದೆ ಅಗಲವಾದ ಟೇಪಿನ ತುಂಡು. ಅದರ ಮೇಲೆ ಎಡಗೈಯಲ್ಲಿ ಬರೆದ ಸೊಟ್ಟ ಅಕ್ಷರಗಳು. ಲೈಲ್ ಗಟ್ಟಿಯಾಗಿ ಓದಿದ:

"ಮಗು. ಕುದಿಸಬಾರದು."

ಅವನು ಅದನ್ನು ಕೀಳಲು ಕೈ ಹಾಕಿದ.

"ಇರಲಿ ಬಿಡು," ಎಂದೆ. "ಯಾವುದು ಯಾವುದು ಅಂತ ಗೊತ್ತಾಗಬೇಕಲ್ಲ."